ಕಡಲ ನಡುವಿನ ಸಣ್ಣ ದೇಶಗಳ ಅರಿವಿನ ದುಡಿಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನೆಲವೂ ಜನವೂ ಕಡಿಮೆಯಿರುವ ದ್ವೀಪರಾಷ್ಟ್ರಗಳು ಅರಿವನ್ನೇ ಬಂಡವಾಳ ಮಾಡಿಕೊಂಡು ಬದುಕು ಕಟ್ಟಿಕೊಳ್ಳಬಹುದೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕಡಲಿನಿಂದ ಇಷ್ಟು ದೂರವಿರುವ ಈ ಬಿಸಿಲ ನಾಡಿನವರು ಆ ದೇಶಗಳ ಕಷ್ಟದಲ್ಲಿ ತಮ್ಮ ಊರಿನ ಕಷ್ಟವನ್ನೇ ಗುರುತಿಸಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ.

ಪ್ರಶ್ನೆ: ಜ್ಞಾನಾಧಾರಿತ ಅಭಿವೃದ್ಧಿ ಎಂದೊಡನೆ ನನ್ನ ವಿದ್ಯಾರ್ಥಿಗಳು ಕಂಪ್ಯೂಟರ್, ಸಾಫ್ಟ್‌ವೇರ್ ಎಂದು ಉತ್ತರಿಸುತ್ತಾರೆ. ಕಾರ್ಖಾನೆಯೂ ಇಲ್ಲದ, ದೊಡ್ಡ ವಿಶ್ವವಿದ್ಯಾಲಯವೂ ಇಲ್ಲದ ಹವಳದ ದ್ವೀಪವೊಂದಕ್ಕೆ ಈ ಮಾತಿನ ಅರ್ಥವಾದರೂ ಏನು?
– ಪದವಿಪೂರ್ವ ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕರು, ಸಿಂಧನೂರು

ಉತ್ತರ: ವ್ಯಾಖ್ಯಾನ ಕೊಡುವ ಬದಲು ಮೀನಿನ ಲೆಕ್ಕವೊಂದನ್ನು ನಿಮ್ಮ ಮುಂದಿಡುತ್ತೇನೆ, ತರಗತಿಯಲ್ಲಿ ಅದು ವ್ಯಾಖ್ಯಾನಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ಪೆಸಿಫಿಕ್ ಸಾಗರದಲ್ಲಿ ಕಿರಿಬಾಟಿ ಎಂಬ ದೇಶವಿದೆ. ಅದರ 33 ದ್ವೀಪಗಳ ಒಟ್ಟು ನೆಲ ಸುಮಾರು 811 ಚದರ ಕಿಲೋಮೀಟರ್, ಎಂದರೆ ನಮ್ಮ ಒಂದು ತಾಲ್ಲೂಕಿನಷ್ಟು. ಆದರೆ ದಡದಿಂದ 200 ನಾಟಿಕಲ್ ಮೈಲಿಯವರೆಗಿನ ಕಡಲ ಸಂಪತ್ತಿನ ಹಕ್ಕು ಆಯಾ ದೇಶದ್ದೇ ಎಂದು 1982ರ ಸಮುದ್ರ ಕಾನೂನು ಒಪ್ಪಂದ ಹೇಳುವುದರಿಂದ, ಈ ದೇಶದ ಪಾಲಿಗೆ ಬಂದ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್. ಇದು ಇಡೀ ಭಾರತದ ನೆಲಕ್ಕಿಂತ ದೊಡ್ಡದು. ಆ ಕಡಲಲ್ಲಿ ಟ್ಯೂನಾ ಮೀನಿದೆ. ಆದರೆ ಅದನ್ನು ಹಿಡಿಯುವ ದೊಡ್ಡ ಹಡಗುಗಳು ಬಹುಮಟ್ಟಿಗೆ ದೂರದ ದೇಶಗಳವು. ಎಷ್ಟು ಹಿಡಿದೆವೆಂದು ಹೇಳುವವರೂ ಅವರೇ, ಬೆಲೆ ಕಟ್ಟುವವರೂ ಅವರೇ, ಕಡಲಿನ ಒಡೆಯರಿಗೆ ಒಂದು ಚಿಕ್ಕ ಪಾಲು ಎಸೆದು ಹೋಗುವವರೂ ಅವರೇ ಎಂಬ ಸ್ಥಿತಿ ಬಹುಕಾಲ ನಡೆಯಿತು.

1982ರಲ್ಲಿ ಇಂಥ ಕೆಲವು ದೇಶಗಳು ನೌರು ಒಪ್ಪಂದ ಎಂಬ ಹೆಸರಿನಲ್ಲಿ ಒಟ್ಟುಗೂಡಿದವು. ಈಗ ಅದರಲ್ಲಿ ಕಿರಿಬಾಟಿ, ನೌರು, ತುವಾಲು, ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ, ಸಾಲೊಮನ್ ದ್ವೀಪಗಳು, ಪಪುವಾ ನ್ಯೂಗಿನಿ ಹೀಗೆ ಎಂಟು ದೇಶಗಳಿವೆ. ಅವು ಮಾಡಿದ ಮುಖ್ಯ ಕೆಲಸವೆಂದರೆ ಹಿಡಿದ ಮೀನಿನ ಬೆಲೆಯಲ್ಲಿ ಪಾಲು ಪಡೆಯುವುದನ್ನು ಬಿಟ್ಟು, ಹಡಗೊಂದು ತಮ್ಮ ಕಡಲಲ್ಲಿ ಮೀನು ಹಿಡಿಯುವ ದಿನವನ್ನು ಮಾರಲು ತೊಡಗಿದ್ದು. ವರ್ಷಕ್ಕೆ ಇಷ್ಟೇ ದಿನಗಳೆಂದು ಎಲ್ಲರೂ ಕೂಡಿ ನಿಗದಿ ಮಾಡುತ್ತಾರೆ. ದಿನವೊಂದಕ್ಕೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಕೊಡಕೂಡದೆಂದು ಕಟ್ಟು ಹಾಕಿಕೊಂಡಿದ್ದಾರೆ. ಆ ಕನಿಷ್ಠ ದರ ಮುಂದೆ 8,000 ಡಾಲರಿಗೆ ಬಂದು ನಿಂತಿತು. 2010ರ ಸುಮಾರಿಗೆ ಎಲ್ಲ ದೇಶಗಳಿಗೂ ಸೇರಿ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಇದ್ದ ಆದಾಯ, ಅದೇ ದಶಕದ ಕೊನೆಯ ಹೊತ್ತಿಗೆ 50 ಕೋಟಿ ಡಾಲರಿನ ಹತ್ತಿರಕ್ಕೆ ಏರಿತು. ಮೀನು ಅದೇ, ಕಡಲು ಅದೇ, ಹಡಗುಗಳೂ ಹೆಚ್ಚುಕಡಿಮೆ ಅವೇ.

ಇದರಲ್ಲಿ ಅರಿವಿನ ಪಾಲು ಎಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳಿದರೆ ಹಡಗಿನ ಅಟ್ಟಣಿಗೆಯನ್ನು ತೋರಿಸಿ. ಪ್ರತಿಯೊಂದು ದೊಡ್ಡ ಬಲೆಯ ಹಡಗಿನಲ್ಲಿಯೂ ದ್ವೀಪದವನೇ ಆದ ಒಬ್ಬ ವೀಕ್ಷಕ ಇರಬೇಕೆಂದು 2010ರಿಂದ ನಿಯಮ ಮಾಡಿದರು. ವಾರಗಟ್ಟಲೆ ಆ ಹಡಗಿನಲ್ಲೇ ಇರುವ ವೀಕ್ಷಕ, ಬಲೆ ಮೇಲೆ ಬಂದಾಗಲೆಲ್ಲ ಪಕ್ಕದಲ್ಲಿ ನಿಂತು, ಕೈಗೆತ್ತಿಕೊಂಡ ಮೀನನ್ನು ಅಳತೆಯ ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದ ಕವಲಿನವರೆಗೆ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾನೆ. ಯಾವ ಜಾತಿ, ಯಾವ ಜಾಗ, ಎಷ್ಟು ಹೊತ್ತು ಎಂದು ದಾಖಲಿಸುತ್ತಾನೆ. ಹಡಗು ಎಲ್ಲಿದೆಯೆಂಬುದನ್ನು ಉಪಗ್ರಹ ಹೇಳುತ್ತದೆ. ಈ ಅಂಕಿಅಂಶಗಳೆಲ್ಲ ನ್ಯೂ ಕ್ಯಾಲೆಡೋನಿಯಾದ ನೌಮಿಯಾದಲ್ಲಿರುವ ‘ಪೆಸಿಫಿಕ್ ಸಮುದಾಯ’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳ ಕೈ ಸೇರುತ್ತವೆ. ಕಡಲಲ್ಲಿ ಮೀನಿನ ಸಂತತಿ ಹೇಗಿದೆಯೆಂದು ಅವರು ಲೆಕ್ಕ ಕಟ್ಟುತ್ತಾರೆ, ಮುಂದೆ ಎಷ್ಟು ದಿನ ಮಾರಬೇಕೆಂಬುದು ಆ ಲೆಕ್ಕದ ಆಧಾರದ ಮೇಲೆ ನಿಲ್ಲುತ್ತದೆ. ತಮ್ಮ ಸರಕಿನ ವಿಷಯ ಕೊಳ್ಳುವವನಿಗಿಂತ ತಮಗೇ ಹೆಚ್ಚು ತಿಳಿದಿದೆ ಎಂಬ ಸ್ಥಿತಿಗೆ ಅವರು ಬಂದು ಮುಟ್ಟಿದರು. ನಾನು ಜ್ಞಾನಾಧಾರಿತ ಅಭಿವೃದ್ಧಿ ಎನ್ನುವುದು ಇದನ್ನೇ. ಮೀನನ್ನು ಡಬ್ಬಿಗೆ ತುಂಬುವ ಲಾಭ ಇಂದಿಗೂ ಬಹುಪಾಲು ಬೇರೆಯವರದೇ ಎಂಬುದನ್ನೂ ವಿದ್ಯಾರ್ಥಿಗಳಿಗೆ ಮರೆಯದೆ ಹೇಳಿ.

ಪ್ರಶ್ನೆ: ಅಂತರ್ಜಾಲ ಇದ್ದರೆ ದೂರವೆಂಬುದೇ ಇಲ್ಲವಲ್ಲ. ಒಳ್ಳೆಯ ಸಂಪರ್ಕ ಕೊಟ್ಟರೆ ದ್ವೀಪಗಳ ಸಮಸ್ಯೆ ಅರ್ಧ ತೀರಿದಂತೆ ಅಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಉತ್ತರ: ಅರ್ಧವಲ್ಲ, ಬಹಳವೆಂದರೆ ಕಾಲು ಭಾಗ. 2022ರ ಜನವರಿ 15ರಂದು ಟೊಂಗಾ ದೇಶದ ಬಳಿ ಕಡಲೊಳಗಿನ ಜ್ವಾಲಾಮುಖಿ ಸಿಡಿದಾಗ, ಆ ದೇಶವನ್ನು ಫಿಜಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ ತುಂಡಾಗಿ, ದುರಸ್ತಿಯಾಗಲು ಸುಮಾರು ಐದು ವಾರ ಹಿಡಿಯಿತು. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣವೇ ದೊಡ್ಡ ಆಧಾರವಾಗಿರುವ ನಾಡಿಗೆ ಆ ದಿನಗಳು ಹೇಗಿದ್ದವೆಂದು ನೀವೇ ಯೋಚಿಸಿ. ಸಂಪರ್ಕ ಕೊಡುವಾಗ ಎರಡನೆಯ ದಾರಿಯನ್ನೂ ಜೊತೆಗೇ ಕೊಡಬೇಕು ಎಂಬುದು ನಿಮ್ಮಂಥ ಎಂಜಿನಿಯರುಗಳು ಬಿಡದೆ ಹಿಡಿಯಬೇಕಾದ ಮಾತು.

ತುವಾಲು ದೇಶದ ಹೆಸರಿಗೆ ಸಿಕ್ಕ ‘ಡಾಟ್ ಟಿವಿ’ ಎಂಬ ಅಂತರ್ಜಾಲ ವಿಳಾಸದ ಬಾಲವನ್ನು ನಿಮ್ಮ ಪತ್ರದಲ್ಲಿ ಉದಾಹರಿಸಿದ್ದೀರಿ. ದೂರದರ್ಶನದ ಹ್ರಸ್ವನಾಮವೂ ಅದೇ ಆಗಿರುವುದರಿಂದ ಅದಕ್ಕೆ ಬೇಡಿಕೆ ಬಂತು, ಅದನ್ನು ಬಳಸಲು ಬಿಟ್ಟು ದೇಶ ಹಣ ಗಳಿಸಿತು; ಆ ಹಣ 2000ರಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಲೂ ತುವಾಲುವಿಗೆ ನೆರವಾಯಿತು. ಸಂತೋಷವೇ. ಆದರೆ ಅದು ದೊರೆತ ಭಾಗ್ಯ, ಕಲಿತು ಗಳಿಸಿದ ವಿದ್ಯೆಯಲ್ಲ. ಇನ್ನೊಂದು ದ್ವೀಪ ಅದನ್ನು ನೋಡಿ ಅನುಸರಿಸಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಗುಡ್ಡಗಳಲ್ಲಿ ಅದಿರಿದ್ದಂತೆ ನೌರು ದೇಶದಲ್ಲಿ ಫಾಸ್ಫೇಟ್ ಇತ್ತಂತೆ. ಅಷ್ಟು ಹಣ ಬಂದ ಮೇಲೂ ಆ ದೇಶ ಬಡವಾದದ್ದು ಹೇಗೆ?
– ಬಿ.ಎ. ವಿದ್ಯಾರ್ಥಿನಿ, ಸಂಡೂರು

ಉತ್ತರ: ನೌರು ಕೇವಲ 21 ಚದರ ಕಿಲೋಮೀಟರಿನ ದೇಶ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅಲ್ಲಿ ಫಾಸ್ಫೇಟ್ ಗಣಿಗಾರಿಕೆ ಆರಂಭವಾಗಿ, ಆ ಮಣ್ಣು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರವಾಗಿ ಹೋಯಿತು. 1968ರಲ್ಲಿ ಸ್ವಾತಂತ್ರ್ಯ ಬಂತು, ಸ್ವಲ್ಪ ಕಾಲದಲ್ಲಿಯೇ ಗಣಿಯ ಒಡೆತನವೂ ಕೈಗೆ ಬಂತು, ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿ ನೌರು ನಿಂತಿತು. ಆ ಹಣದ ಒಂದು ಭಾಗವನ್ನು ನಿಧಿಯಲ್ಲಿ ಕೂಡಿಟ್ಟರು. ಮೆಲ್ಬರ್ನ್ ನಗರದಲ್ಲಿ 52 ಅಂತಸ್ತಿನ ಕಟ್ಟಡ ಕಟ್ಟಿದರು. ಈ ಶತಮಾನದ ಆರಂಭದ ವೇಳೆಗೆ ಗಣಿ ಬರಿದಾಯಿತು, ನಿಧಿ ಕರಗಿತು. ಸಾಲ ತೀರಿಸಲು 2004ರಲ್ಲಿ ಆ ಕಟ್ಟಡವನ್ನೂ ಮಾರಬೇಕಾಯಿತು. ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲ, ಮಣ್ಣು ತೆಗೆದ ಮೇಲೆ ಉಳಿದ ಸುಣ್ಣಕಲ್ಲಿನ ಚೂಪು ಕಂಬಗಳ ಕಾಡಾಗಿದೆ. ಅಲ್ಲಿ ಬೆಳೆಯೂ ಬಾರದು, ಮನೆಯೂ ನಿಲ್ಲದು.

ಕಾರಣ ಕೇಳಿದ್ದೀರಿ. ಹಣ ಕಡಿಮೆಯಾಗಲಿಲ್ಲ. ಹಣವನ್ನು ಎಲ್ಲಿ ತೊಡಗಿಸಬೇಕು, ಸಲಹೆ ಕೊಡುವವನ ಮಾತು ಸರಿಯೋ ತಪ್ಪೋ ಎಂದು ಪರೀಕ್ಷಿಸಬಲ್ಲ ತಮ್ಮದೇ ಆದ ಲೆಕ್ಕಿಗರು, ಕಾನೂನು ಬಲ್ಲವರು ಸಾಕಷ್ಟು ಇರಲಿಲ್ಲ. ಇದ್ದವರ ಮಾತು ನಡೆಯುವಂಥ ಕಟ್ಟುಪಾಡುಗಳೂ ಇರಲಿಲ್ಲ. ಇದರ ಪಕ್ಕದಲ್ಲಿ ಕಿರಿಬಾಟಿಯನ್ನಿಟ್ಟು ನೋಡಿ. ಅದಕ್ಕೆ ಸೇರಿದ ಬನಾಬಾ ದ್ವೀಪದಲ್ಲಿಯೂ ಫಾಸ್ಫೇಟ್ ಇತ್ತು. ಅದರ ಆದಾಯದಿಂದ 1956ರಲ್ಲಿಯೇ ಒಂದು ಮೀಸಲು ನಿಧಿ ಸ್ಥಾಪಿಸಿದರು. 1979ರಲ್ಲಿ ಗಣಿ ಮುಚ್ಚಿತು, ಅದೇ ವರ್ಷ ದೇಶ ಸ್ವತಂತ್ರವಾಯಿತು, ನಿಧಿ ಇಂದಿಗೂ ಇದೆ. ಆದರೆ ಆ ಹಣಕ್ಕೆ ನೆಲ ಕೊಟ್ಟ ಬನಾಬಾದ ಜನರನ್ನು 1945ರಲ್ಲಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಲಾಗಿತ್ತು ಎಂಬುದನ್ನು ಹೇಳದೆ ಈ ನಿಧಿಯನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ನಿಮ್ಮ ಊರಿನ ಮಾತಿಗೆ ಬರುತ್ತೇನೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ರಾಶಿ ಬಿದ್ದಿದ್ದ ಅದಿರನ್ನು ಇ-ಹರಾಜಿನಲ್ಲಿ ಮಾರಲಾಯಿತು. ಪ್ರತಿ ರಾಶಿಯ ಮಾದರಿ ತೆಗೆದು, ಕಬ್ಬಿಣದ ಅಂಶ ಶೇಕಡಾ ಎಷ್ಟೆಂದು ಪರೀಕ್ಷಿಸಿ, ಗ್ರೇಡ್ ಪ್ರಕಟಿಸಿದ ಮೇಲೆಯೇ ಬೆಲೆ ಕೂಗುವ ಪದ್ಧತಿ ಬಂತು. ಗುಡ್ಡದಲ್ಲಿ ಏನಿದೆಯೆಂದು ಮಾರುವವನಿಗೂ ಕೊಳ್ಳುವವನಿಗೂ ಒಂದೇ ಸಮನಾಗಿ ತಿಳಿದಿದ್ದರೆ ಬೊಕ್ಕಸ ಸೋರುವುದು ಕಷ್ಟ. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಬಂದ, ಗಣಿಬಾಧಿತ ಊರುಗಳ ಒಳಿತಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆದಾರರು ರಾಜಧನದ ನೂರಕ್ಕೆ 30ರಷ್ಟನ್ನೂ, ಹರಾಜಿನಲ್ಲಿ ಗಣಿ ಪಡೆದವರು ನೂರಕ್ಕೆ 10ರಷ್ಟನ್ನೂ ಕೊಡಬೇಕು. ಆ ಹಣದಲ್ಲಿ ರಸ್ತೆ, ಕಟ್ಟಡಗಳಷ್ಟೇ ಅಲ್ಲದೆ, ಸಂಡೂರಿನ ಹುಡುಗಿಯೊಬ್ಬಳು ಭೂವಿಜ್ಞಾನವನ್ನೋ ಲೆಕ್ಕಪರಿಶೋಧನೆಯನ್ನೋ ಕೊನೆಯ ಮೆಟ್ಟಿಲವರೆಗೂ ಓದುವ ಖರ್ಚು ಇರಬೇಕೆಂದು ನಾನು ವಾದಿಸುತ್ತೇನೆ. ನಿಮ್ಮ ಗ್ರಾಮಸಭೆಯಲ್ಲಿ ನೀವೂ ಕೇಳಿ, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಾವು ಜೀನ್ಸ್ ಹೊಲಿಸುವವರು. ಮಾರಿಷಸ್ ಕೂಡ ಬಟ್ಟೆ ಹೊಲಿದೇ ಮೇಲೆ ಬಂತೆಂದು ಬರೆದಿದ್ದಿರಿ. ಹೊಲಿಗೆಯಿಂದ ಮುಂದಕ್ಕೆ ಹೋದದ್ದು ಹೇಗೆಂದು ವಿವರಿಸಬೇಕು.
– ಸಿದ್ಧ ಉಡುಪು ಘಟಕದ ಮಾಲೀಕರು, ಬಳ್ಳಾರಿ

ಉತ್ತರ: ಮಾರಿಷಸ್ ಜನಸಂಖ್ಯೆ ಕೊಪ್ಪಳ ಜಿಲ್ಲೆಗಿಂತ ಕಡಿಮೆ, ಸುಮಾರು 12 ಲಕ್ಷದ ಮೇಲೆ ಸ್ವಲ್ಪ. 1834ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಕರಾರಿನ ಮೇಲೆ ಕರೆದೊಯ್ಯಲ್ಪಟ್ಟ ಭಾರತೀಯರ ಸಂತತಿಯೇ ಅಲ್ಲಿ ಬಹುಸಂಖ್ಯೆಯಲ್ಲಿದೆ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್, 1961ರಲ್ಲಿ ಆ ದೇಶವನ್ನು ಅಧ್ಯಯನ ಮಾಡಿ, ಒಂದೇ ಬೆಳೆ, ಏರುತ್ತಿರುವ ಜನಸಂಖ್ಯೆ, ಕೆಲಸವಿಲ್ಲದ ಕೈಗಳು ಎಂದು ಎಣಿಸಿ, ಅದರ ಭವಿಷ್ಯದ ಬಗ್ಗೆ ನಿರಾಶೆಯನ್ನೇ ತೋರಿದ್ದರು. ದೇಶ 1968ರಲ್ಲಿ ಸ್ವತಂತ್ರವಾಯಿತು, 1970ರಲ್ಲಿ ರಫ್ತಿಗೆಂದೇ ಸರಕು ಮಾಡುವ ಕಾರ್ಖಾನೆಗಳಿಗೆ ತೆರಿಗೆ ರಿಯಾಯಿತಿ ಕೊಡುವ ರಫ್ತು ಸಂಸ್ಕರಣಾ ವಲಯದ ಕಾನೂನು ಬಂತು. ಯುರೋಪಿಗೆ ಸಕ್ಕರೆ ಮಾರಿ ಗಳಿಸಿದ ಹಣ ಹೊಲಿಗೆಯ ಕಾರ್ಖಾನೆಗಳಿಗೆ ಹರಿಯಿತು, ಸಾವಿರಾರು ಹೆಣ್ಣುಮಕ್ಕಳು ಮೊದಲ ಸಲ ಸಂಬಳದ ಕೆಲಸಕ್ಕೆ ಬಂದರು.

ಅಲ್ಲಿಯವರೆಗಿನ ಕಥೆ ನಿಮ್ಮ ಘಟಕದ ಕಥೆಯೇ. ವ್ಯತ್ಯಾಸ ಮುಂದಿದೆ. ಆರ್ಡರುಗಳು ಕೈತುಂಬ ಇದ್ದ ದಿನಗಳಲ್ಲಿಯೇ ಆ ದೇಶ ಮುಂದಿನ ಪಾಠ ಕಲಿಯಲು ಹಣ ತೆಗೆದಿಟ್ಟಿತು. 1977ರಿಂದ ಪ್ರೌಢಶಿಕ್ಷಣ ಉಚಿತವಾಯಿತು. 1988ರಲ್ಲಿ ಕೈಗಾರಿಕಾ ತರಬೇತಿಗೆ ಪ್ರತ್ಯೇಕ ಮಂಡಳಿ ಬಂದು, ಮಾಲೀಕರು ಕೊಡುವ ಒಟ್ಟು ಸಂಬಳದ ಮೇಲೆ ಒಂದು ಸಣ್ಣ ವಂತಿಗೆ ತರಬೇತಿಗೆ ಮೀಸಲಾಯಿತು. ಆದ್ದರಿಂದ, ಯಾವ ದೇಶದಿಂದ ಎಷ್ಟು ಬಟ್ಟೆ ಕೊಳ್ಳಬೇಕೆಂದು ಶ್ರೀಮಂತ ದೇಶಗಳು ಮಿತಿ ಹಾಕಿದ್ದ ಜವಳಿ ಕೋಟಾ ಪದ್ಧತಿ 2005ರ ಆರಂಭಕ್ಕೆ ಮುಗಿದು ಚೀನಾದ ಅಗ್ಗದ ಬಟ್ಟೆಯೆದುರು ಅನೇಕ ಕಾರ್ಖಾನೆಗಳು ಬಾಗಿಲು ಹಾಕಿದಾಗ, ಉಳಿದವರು ನೂಲು, ನೇಯ್ಗೆ, ವಿನ್ಯಾಸದ ಕಡೆಗೆ ತಿರುಗಲು ಸಾಧ್ಯವಾಯಿತು.

ಸಕ್ಕರೆಗೂ ಅದೇ ಗಂಡಾಂತರ ಬಂತು. ಯುರೋಪು 2006ರಿಂದ ನಾಲ್ಕು ವರ್ಷಗಳಲ್ಲಿ ಖಾತರಿ ಬೆಲೆಯನ್ನು ಶೇಕಡಾ 36ರಷ್ಟು ಇಳಿಸಿತು. 1953ರಿಂದ ಕಬ್ಬಿನ ಸಂಶೋಧನಾ ಸಂಸ್ಥೆಯೊಂದನ್ನು ಸಾಕಿಕೊಂಡು ಬಂದಿದ್ದ ದೇಶ ಅದು. ಕಬ್ಬಿನ ಗುಣ ಅವರಿಗೆ ಬೆರಳ ತುದಿಯಲ್ಲಿತ್ತು. ಕಚ್ಚಾ ಸಕ್ಕರೆಯ ಬದಲು ವಿಶೇಷ ಬಗೆಯ ಕಂದು ಸಕ್ಕರೆಗಳನ್ನು ಹೆಚ್ಚಿಸಿದರು, ರಸ ಹಿಂಡಿ ಉಳಿದ ಸಿಪ್ಪೆಯನ್ನು ಉರಿಸಿ ವಿದ್ಯುತ್ತು ಮಾಡಿ ದೇಶದ ಜಾಲಕ್ಕೆ ಮಾರಿದರು. ಕಾರ್ಖಾನೆಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಕೆಲಸ ಕಳೆದುಕೊಂಡವರ ನೋವು ಸಣ್ಣದಲ್ಲ.

ಮಾರಿಷಸ್ಸಿನ ಹಣಕಾಸು ವ್ಯವಹಾರವನ್ನು ಅನೇಕರು ಜ್ಞಾನದ ಗೆಲುವೆಂದು ಹೊಗಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಭಾರತದೊಡನೆ 1982ರಲ್ಲಿ ಆದ ತೆರಿಗೆ ಒಪ್ಪಂದದ ಬಲದಿಂದ, ತೆರಿಗೆ ಉಳಿಸಲೆಂದು ಹೂಡಿಕೆಯ ಹಣ ಮಾರಿಷಸ್ಸಿನ ದಾರಿಯಲ್ಲಿ ಭಾರತಕ್ಕೆ ಹರಿಯಿತು; 2016ರಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾದೊಡನೆ ಅದರ ಮುಖ್ಯ ಆಕರ್ಷಣೆ ಕುಂದಿತು. ಬೇರೆ ದೇಶದ ಒಂದು ಸಹಿಯಿಂದ ಹೋಗಬಹುದಾದುದನ್ನು ನಾನು ವಿದ್ಯೆಯೆಂದು ಎಣಿಸುವುದಿಲ್ಲ. ನಿಮ್ಮ ಘಟಕದ ಮಟ್ಟಿಗೆ ಹೇಳುವುದಾದರೆ, ಜೀನ್ಸ್ ತೊಳೆಯುವ ಬಣ್ಣದ ನೀರನ್ನು ಶುದ್ಧಮಾಡಿ ಮತ್ತೆ ಬಳಸುವುದನ್ನು ಕೂಡಿ ಕಲಿತವರು, ನಾಳೆ ಆ ವಿಷಯದಲ್ಲಿ ಬೇರೆ ಊರಿನವರಿಗೆ ಕಲಿಸಿಯೂ ಗಳಿಸಬಲ್ಲರು.

ಪ್ರಶ್ನೆ: ನಮ್ಮೂರಿನಿಂದ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಓದಿದ ಮಕ್ಕಳೂ ಹೋಗಿ ಅಲ್ಲೇ ಉಳಿಯುತ್ತಾರೆ. ದ್ವೀಪಗಳಲ್ಲಿ ಓದಿಸಿದರೆ ಓದಿದವರು ಉಳಿಯುತ್ತಾರೆಯೇ?
– ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ

ಉತ್ತರ: ತಾಯಿ, ಬಹಳ ಮಂದಿ ಉಳಿಯುವುದಿಲ್ಲ. ಜಮೈಕಾದಂಥ ಕೆರಿಬಿಯನ್ ದೇಶಗಳಲ್ಲಿ ಕಾಲೇಜು ಓದಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರದೇಶಗಳಲ್ಲಿದ್ದಾರೆ. ಸಣ್ಣ ದೇಶ ತನ್ನ ಖರ್ಚಿನಲ್ಲಿ ತರಬೇತಿ ಕೊಟ್ಟ ನರ್ಸು ದೊಡ್ಡ ದೇಶದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಅವರು ಕಳಿಸುವ ಹಣದಿಂದ ಮನೆಗಳು ನಡೆಯುತ್ತವೆ, ಶಾಲೆಗಳಲ್ಲಿ ಮಾತ್ರ ಗಣಿತದ ಮೇಷ್ಟ್ರ ಕುರ್ಚಿ ಖಾಲಿ ಉಳಿಯುತ್ತದೆ.

ಅದಕ್ಕೆ ಅವರು ಕಂಡುಕೊಂಡ ಒಂದು ದಾರಿಯೆಂದರೆ ಕೂಡಿ ನಡೆಸುವ ವಿಶ್ವವಿದ್ಯಾಲಯ. 1948ರಲ್ಲಿ ಜಮೈಕಾದಲ್ಲಿ ಆರಂಭವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯವೂ, 1968ರಲ್ಲಿ ಫಿಜಿಯ ಸುವಾದಲ್ಲಿ ಆರಂಭವಾದ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯವೂ ಹಲವು ದೇಶಗಳ ಪಾಲುದಾರಿಕೆಯವು. ಎರಡನೆಯದಕ್ಕೆ ಹನ್ನೆರಡು ದೇಶಗಳು ಒಡೆಯರು. ಪಾಠವನ್ನು ಉಪಗ್ರಹದ ಮೂಲಕ ದೂರದ ದ್ವೀಪಗಳಿಗೆ ತಲುಪಿಸುವ ವ್ಯವಸ್ಥೆ ಬಹಳ ಹಿಂದಿನಿಂದಲೇ ಅದಕ್ಕಿದೆ. ಊರು ಬಿಡದೆ ಓದಿದವರು ಊರಲ್ಲೇ ಉಳಿಯುವ ಸಾಧ್ಯತೆ ಹೆಚ್ಚು ಎಂಬುದು ನನ್ನ ನಂಬಿಕೆ. ಉಳಿದವರಿಗೆ ಮಾಡಲು ತಕ್ಕ ಕೆಲಸವಿರಬೇಕು. ಮೀನು ಅಳೆಯುವ ವೀಕ್ಷಕನ ಕೆಲಸವನ್ನು ಮೊದಲ ಉತ್ತರದಲ್ಲಿ ಅಷ್ಟು ವಿವರವಾಗಿ ಹೇಳಿದ್ದು ಇದೇ ಕಾರಣಕ್ಕೆ: ಓದಿದವನಿಗೆ ಅವನ ಕಡಲಲ್ಲೇ ಇರುವ ಕೆಲಸ ಅದು.

ಪ್ರಶ್ನೆ: ನಾನು ಭತ್ತ ಬೆಳೆಯುವ ರೈತ. ಕಾಲುವೆಯ ಕೆಳಭಾಗದ ಮೂರು ಎಕರೆ ಸವಳಾಗಿದೆ. ಯಾವ ಸಾಲಿನಲ್ಲಿ ಯಾವ ಬೀಜ ಬದುಕಿತು ಎಂದು ಹನ್ನೊಂದು ವರ್ಷದಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ದ್ವೀಪಗಳ ರೈತರಿಗೆ ಉಪ್ಪು ನೀರಿನ ಕಾಟ ಇರಬೇಕು. ಅವರೇನು ಮಾಡುತ್ತಾರೆ?
– ರೈತರು, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತುವಾಲು, ಕಿರಿಬಾಟಿಗಳಲ್ಲಿ ಮರಳು ನೆಲದಲ್ಲಿ ಆಳವಾದ ಗುಂಡಿ ತೋಡಿ, ಅಡಿಯಲ್ಲಿ ನಿಂತ ಸಿಹಿನೀರಿನ ಪದರ ಮುಟ್ಟುವಂತೆ ಮಾಡಿ, ಎಲೆಗೊಬ್ಬರ ತುಂಬಿ ದೊಡ್ಡ ಜಾತಿಯ ಜೌಗು ಕೆಸುವನ್ನು ಬೆಳೆಯುತ್ತಾರೆ. ದೊಡ್ಡ ಅಲೆ ಬಂದು ಉಪ್ಪುನೀರು ಗುಂಡಿಗೆ ಇಳಿದರೆ ವರ್ಷಗಳ ಬೆಳೆ ಕೊಳೆತು ಹೋಗುತ್ತದೆ. ನಿಮ್ಮ ಹೊಲದ ಮೇಲೆ ಬೇಸಿಗೆಯಲ್ಲಿ ಏಳುವ ಬಿಳಿಯ ಪೊರೆಯಂತೆಯೇ ಅವರ ಗುಂಡಿಯೂ ಕೆಡುತ್ತದೆ.

ಆದರೆ ನಿಮಗೆ ಹೇಳಬೇಕಾದ ಕಥೆ ಸಮೋವಾ ದೇಶದ್ದು. ಅಲ್ಲಿಯ ಜನರ ಮುಖ್ಯ ಆಹಾರವೂ ಮುಖ್ಯ ರಫ್ತೂ ಕೆಸುವಿನ ಗೆಡ್ಡೆ. ರುಚಿಗೆ ಹೆಸರಾಗಿ, ಪೇಟೆಯಲ್ಲಿ ಬೆಲೆ ಬರುತ್ತಿದ್ದ ನಿಯುಯೆ ಎಂಬ ಒಂದೇ ತಳಿಯನ್ನು ಎಲ್ಲರೂ ಹಾಕಿದ್ದರು, ನಮ್ಮಲ್ಲಿ ಮೈಲಿಗಟ್ಟಲೆ ಸೋನಾ ಮಸೂರಿ ಒಂದನ್ನೇ ಹಾಕುವ ಹಾಗೆ. 1993ರಲ್ಲಿ ಎಲೆ ಅಂಗಮಾರಿ ರೋಗ ಬಂತು. ಎಲೆಯ ಮೇಲೆ ನೀರು ತುಂಬಿದಂಥ ಕಂದು ಚುಕ್ಕೆ ಹರಡಿ, ಎಲೆ ಕೊಳೆತು, ಗೆಡ್ಡೆ ಕೂಡದೆ, ಸ್ವಲ್ಪ ಕಾಲದಲ್ಲಿಯೇ ರಫ್ತು ನಿಂತೇಹೋಯಿತು. ಮಳೆನಾಡಿನಲ್ಲಿ ಔಷಧಿ ಸಿಂಪಡಿಸಿದರೆ ತೊಳೆದುಹೋಗುತ್ತಿತ್ತು. ಸಣ್ಣ ರೈತನಿಗೆ ಅದರ ಖರ್ಚೂ ಹೆಚ್ಚು.

ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕೃಷಿ ವಿಭಾಗ ಸಮೋವಾದ ಅಲಾಫುವಾದಲ್ಲಿದೆ. ಅಲ್ಲಿಯ ತಳಿ ವಿಜ್ಞಾನಿಗಳು ರೋಗ ತಡೆಯುವ ಗೆಡ್ಡೆಗಳನ್ನು ಪಲಾವು, ಮೈಕ್ರೊನೇಷಿಯಾಗಳಿಂದಲೂ ಆಮೇಲೆ ಏಷ್ಯಾದ ದೇಶಗಳಿಂದಲೂ ತರಿಸಿ ಸಂಕರ ಮಾಡಿದರು. ಬೇರೆ ದೇಶದ ಸಸಿಯೊಂದಿಗೆ ಬೇರೆ ರೋಗ ಬರಬಾರದೆಂದು, ಫಿಜಿಯಲ್ಲಿ 1998ರಲ್ಲಿ ಆರಂಭವಾದ ತಳಿ ಸಂಗ್ರಹ ಕೇಂದ್ರದಲ್ಲಿ ಗಾಜಿನ ನಳಿಕೆಗಳಲ್ಲಿ ಅಂಗಾಂಶದಿಂದ ಬೆಳೆಸಿದ, ರೋಗವಿಲ್ಲದ ಪುಟ್ಟ ಸಸಿಗಳನ್ನೇ ಕಳಿಸುತ್ತಿದ್ದರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮುಂದಿನ ಹೆಜ್ಜೆ. ತಳಿಗಳ ಆಯ್ಕೆಯನ್ನು ಸಂಶೋಧನಾ ತಾಕಿನಲ್ಲಷ್ಟೇ ಮಾಡದೆ ರೈತರ ಕೂಟ ಕಟ್ಟಿ, ಸಸಿಗಳನ್ನು ಅವರ ಹೊಲಕ್ಕೇ ಕೊಟ್ಟರು. ರೋಗ ತಡೆಯಿತೇ ಎಂದು ವಿಜ್ಞಾನಿ ನೋಡಿದರೆ, ಬೇಯಿಸಿದಾಗ ಗಟ್ಟಿಯಾಗಿ ಉಳಿಯಿತೇ, ರುಚಿ ಹಿಂದಿನಂತಿದೆಯೇ ಎಂದು ರೈತನೂ ಅವನ ಮನೆಯವರೂ ತಿಂದು ಹೇಳುತ್ತಿದ್ದರು. ಚೆನ್ನಾಗಿ ಬಂದುದನ್ನು ಮತ್ತೆ ಸಂಕರಕ್ಕೆ ಬಳಸುತ್ತಿದ್ದರು. ಹೀಗೆ ಸುತ್ತಿನ ಮೇಲೆ ಸುತ್ತು ನಡೆದು, ಒಂದು ತಳಿಯ ಜಾಗದಲ್ಲಿ ಹಲವು ತಳಿಗಳು ನಿಂತವು, ಸಮೋವಾದ ಗೆಡ್ಡೆ ಮತ್ತೆ ನ್ಯೂಜಿಲೆಂಡಿನ ಪೇಟೆಗೆ ಹೋಯಿತು. ಇದಕ್ಕೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಿಮ್ಮ ತಾಲ್ಲೂಕಿನಲ್ಲಿಯೇ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಸವಳು ಜವಳು ಭೂಮಿಯ ಮೇಲೆ ಬಹಳ ವರ್ಷಗಳಿಂದ ಅಧ್ಯಯನ ನಡೆದಿದೆ. ನೆಲದಡಿಯ ಬಸಿಗಾಲುವೆಯ ವಿಷಯವನ್ನೂ ಅಲ್ಲಿ ಕೇಳಿ ತಿಳಿದುಕೊಳ್ಳಿ. ಹೋಗುವಾಗ ಸವಳು ಕಂಡ ಜಾಗದ ಮಣ್ಣನ್ನೂ ಮೇಲಿನ ಒಳ್ಳೆಯ ಜಾಗದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಳ್ಳಿ, ಚೀಟಿಯಲ್ಲಿ ಸಾಲಿನ ಗುರುತು ಬರೆಯಿರಿ. ಹನ್ನೊಂದು ವರ್ಷದ ನಿಮ್ಮ ಡೈರಿಯನ್ನು ಪುಟಪುಟವಾಗಿ ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನು ಅವರಿಗೆ ಕೊಡಿ. ಮೂಲ ನಿಮ್ಮ ಮನೆಯಲ್ಲೇ ಇರಲಿ, ಈ ವರ್ಷದ ನಾಟಿಯಿಂದ ಮುಂದಿನ ಪುಟಗಳನ್ನೂ ಬರೆಯುತ್ತಾ ಹೋಗಿ.